'ಬರ್ಲಿ ಬರ್ಲಿ' ಎನ್ನುವವರಿಲ್ಲದ ಕಾರಿಗೆ 'ಪೀಂ ಪೀಂ' ಕಾವಲು

ವಾಹನ ಹಿಂದಕ್ಕೆ ತೆಗೆಸುವ ಭಾಷೆಗೆ ನಮ್ಮಲ್ಲಿ ಗಡಿಯಿಲ್ಲ. ರಾಯದುರ್ಗದ ಜೀನ್ಸ್ ಗೋಡೌನಿನ ಮುಂದೆ ಕ್ಲೀನರ್ ಹುಡುಗ 'ಬರ್ಲಿ ಬರ್ಲಿ' ಎಂದು ಶುರು ಮಾಡಿ, ಡ್ರೈವರ್ ತೆಲುಗಿನವನೆಂದು ನೆನಪಾದೊಡನೆ 'ರಾನೀ ರಾನೀ' ಎನ್ನುತ್ತಾನೆ. ನಿಲ್ಲಿಸುವಾಗ ಮಾತ್ರ ಇಬ್ಬರಿಗೂ ಒಂದೇ ಮಾತು: 'ಹೋಲ್ಡಾನ್!' ಜೊತೆಗೆ ಬಾಡಿಯ ಮೇಲೆ ಅಂಗೈಯಲ್ಲಿ ಎರಡು ಏಟು. ಮಡಕಶಿರಾ ಕಡೆ ಹುಣಿಸೆಹಣ್ಣಿನ ಮೂಟೆ ಏರಿಸುವಲ್ಲಿಯೂ ಇದೇ ಪದ್ಧತಿ.

ಸ್ವಂತ ಕಾರಿಟ್ಟುಕೊಂಡವರಿಗೆ ಕ್ಲೀನರ್ ಎಲ್ಲಿಂದ ಬರಬೇಕು? ಆ ಕೆಲಸವನ್ನು ಈಗ ಹಿಂದಿನ ಬಂಪರಿನಲ್ಲಿ ಕೂತಿರುವ, ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆಗಳು ವಹಿಸಿಕೊಂಡಿವೆ. ಅವೇ ಪಾರ್ಕಿಂಗ್ ಸೆನ್ಸರ್. 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆಲ್ಲ ಇವು ಕಡ್ಡಾಯವಾಗಿವೆ. ಡ್ರೈವರ್ ಬದಿಯ ಏರ್‌ಬ್ಯಾಗ್, ಸೀಟ್‌ಬೆಲ್ಟ್ ನೆನಪಿಸುವ ಗಂಟೆ, ವೇಗ 80 ದಾಟಿದರೆ ಕೂಗುವ ಎಚ್ಚರಿಕೆ ಇವೂ ಅಂದೇ ಬಂದವು. ನಿಯಮ ಕೇಂದ್ರದ್ದಾದ್ದರಿಂದ ಕಾರನ್ನು ಬಳ್ಳಾರಿಯಲ್ಲಿ ಕೊಂಡರೂ ಒಂದೇ, ಅನಂತಪುರದಲ್ಲಿ ಕೊಂಡರೂ ಒಂದೇ. ಆದರೆ ಆ ನಿಯಮ ಹೊರಡಿಸಿದ್ದು ಪ್ರಯಾಣಿಕರ ಕಾರುಗಳಿಗೆ. ನಮ್ಮ ರೈತರು, ವ್ಯಾಪಾರಿಗಳು ಹೆಚ್ಚಾಗಿ ಬಳಸುವ ಸರಕಿನ ಪಿಕಪ್ ಅದರಲ್ಲಿ ಸೇರಿರಲಿಲ್ಲ. ಟ್ರಾಕ್ಟರ್ ಟ್ರೈಲರಿನ ಮಾತಂತೂ ಎತ್ತುವುದೇ ಬೇಡ.

ಬಂಡೆಗೆ ಕೂಗಿದಂತೆ

ಇದರ ಗುಟ್ಟು ದೊಡ್ಡದೇನಲ್ಲ. ರಾಯದುರ್ಗದ ಬೆಟ್ಟದ ಬಂಡೆಗೆ ಎದುರಾಗಿ ನಿಂತು ಕೂಗಿದವರಿಗೆಲ್ಲ ಗೊತ್ತು, ಕೂಗು ಮರಳಿ ಬರುತ್ತದೆ. ಬಂಡೆ ದೂರವಿದ್ದರೆ ತಡವಾಗಿ, ಹತ್ತಿರವಿದ್ದರೆ ಬೇಗ. ಸೆನ್ಸರ್ ಮಾಡುವುದೂ ಅಷ್ಟೇ. ಅದರೊಳಗೆ ಪೀಜೋ ಎಂಬ ಜಾತಿಯ ಸಣ್ಣ ಬಿಲ್ಲೆಯಿದೆ. ಕರೆಂಟು ಕೊಟ್ಟರೆ ಅದು ನಡುಗಿ ಶಬ್ದ ಹೊರಡಿಸುತ್ತದೆ. ಶಬ್ದ ಬಂದು ಬಡಿದರೆ ತಾನೇ ಕರೆಂಟು ಹುಟ್ಟಿಸುತ್ತದೆ. ಬಾಯಿಯೂ ಅದೇ, ಕಿವಿಯೂ ಅದೇ. ಹರಳುಗಳ ಈ ಗುಣವನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲೇ ಕಂಡುಹಿಡಿದಿದ್ದರು.

ಸಾಮಾನ್ಯವಾಗಿ ಈ ಬಿಲ್ಲೆ ಸೆಕೆಂಡಿಗೆ 40,000 ಸಲ ನಡುಗುತ್ತದೆ. ಮನುಷ್ಯನ ಕಿವಿ 20,000ದ ಆಚೆ ಕೇಳಿಸಿಕೊಳ್ಳಲಾರದು. ಬಾವಲಿ ಕತ್ತಲಲ್ಲಿ ಹುಳ ಹಿಡಿಯುವುದು ಇಂಥ ಕೂಗಿನಿಂದಲೇ. ನಾವು ಕೇಳುವ 'ಪೀಂ ಪೀಂ' ಬೇರೆ, ಅದು ಕಾರಿನೊಳಗಿನ ಬಜರಿನದು.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗೋಡೆ ಒಂದೂವರೆ ಮೀಟರ್ ಹಿಂದಿದ್ದರೆ ಹೋಗಿ ಬರಲು 3 ಮೀಟರ್. ಅಂದರೆ ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಹೆಚ್ಚುಕಡಿಮೆ 9 ಪಾಲು. ಪೆಟ್ಟಿಗೆಯೊಳಗಿನ ಸರ್ಕ್ಯೂಟು ಈ ಹೊತ್ತನ್ನು ಅಳೆದು ದೂರ ಲೆಕ್ಕ ಹಾಕುತ್ತದೆ. ದೂರ ಕಮ್ಮಿಯಾದಂತೆ ಪೀಂಕಾರ ಒತ್ತೊತ್ತಾಗಿ, ಕೊನೆಯ ಒಂದಡಿಯಲ್ಲಿ ಎಡೆಬಿಡದೆ ಕೂಗುತ್ತದೆ. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಶಬ್ದ ಇನ್ನೂ ಸ್ವಲ್ಪ ಜೋರಾಗಿ ಓಡುತ್ತದೆ, ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರಿನ ಫರಕು ಬಂದೀತು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ ಲೆಕ್ಕ ಬೇರೆ ಇದೆ. ಗಂಟೆಗೆ 5 ಕಿ.ಮೀ. ಎಂದರೆ ಮನುಷ್ಯ ನಡೆಯುವ ವೇಗ. ಆ ವೇಗದಲ್ಲಿ ರಿವರ್ಸ್ ಬಂದರೂ ಕಾರು ಒಂದು ಸೆಕೆಂಡಿಗೆ ಸುಮಾರು 1.4 ಮೀಟರ್ ಸರಿಯುತ್ತದೆ. ಒಂದೂವರೆ ಮೀಟರಿನಲ್ಲಿ ಪೀಂಕಾರ ಕೇಳಿ, ಕಾಲು ಬ್ರೇಕಿಗೆ ಹೋಗಿ, ಗಾಡಿ ನಿಲ್ಲಲು ಒಂದು ಸೆಕೆಂಡ್ ಹಿಡಿದರೆ ಉಳಿಯುವುದು ಒಂದು ಗೇಣೂ ಇಲ್ಲ. 'ಸೆನ್ಸರ್ ಐತಲ್ಲ' ಎಂದು ಅಂಗಳದಿಂದ ಸೊಂಯ್ಯನೆ ಹಿಂದಕ್ಕೆ ಬರುವವರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಬೇಕು.

ಕಣದಲ್ಲಿ ಪರೀಕ್ಷೆ

ಸುಮ್ಮನೆ ಬರೆಯುವುದು ಬೇಡವೆಂದು ರಾಯದುರ್ಗದ ಬಳಿ ಗೆಳೆಯರೊಬ್ಬರ ಕಣದಲ್ಲಿ ಅವರ ಕಾರು ನಿಲ್ಲಿಸಿ ಪರೀಕ್ಷೆ ಮಾಡಿದೆ. ಅವರು ಸ್ಟೀರಿಂಗ್ ಹಿಡಿದರು, ನಾನು ಹೊರಗೆ ನಿಂತೆ.

ಗೋಡೆಗೆ ಸೆನ್ಸರ್ ಸರಿಯಾಗಿ ಕೂಗಿತು. ಹುಲ್ಲಿನ ಬಣವೆಗೆ ಬಹಳ ಹತ್ತಿರ ಹೋದ ಮೇಲೆ ಕೂಗಿತು. ಮೆತ್ತನೆಯ ವಸ್ತು ಶಬ್ದವನ್ನು ಹೀರಿಕೊಳ್ಳುತ್ತದೆ, ಮರಳಿಸುವುದು ಕಮ್ಮಿ. ಜೀನ್ಸ್ ಬಟ್ಟೆಯ ಗಂಟು ಪೇರಿಸಿಡುವ ಊರಿನವರು ಇದನ್ನು ನೆನಪಿಡುವುದು ಒಳ್ಳೆಯದು. ನೆಲಕ್ಕೆ ನೆಟ್ಟ ಹಾರೆಗೆ ಒಮ್ಮೆ ಕೂಗಿತು, ಒಂದು ಮೊಳ ಪಕ್ಕಕ್ಕೆ ನೆಟ್ಟಾಗ ಸುಮ್ಮನಿತ್ತು. ಎರಡು ಸೆನ್ಸರುಗಳ ನಡುವೆ ತೆಳ್ಳನೆಯ ಕಂಬಕ್ಕೆ ಜಾಗ ಸಿಕ್ಕಿಬಿಡುತ್ತದೆ. ಕಾಲುವೆಗೆ? ಒಂದು ಸದ್ದೂ ಇಲ್ಲ. ಗುಂಡಿ, ಚರಂಡಿ, ಕಟ್ಟೆಯಿಲ್ಲದ ಬಾವಿ, ಯಾವುದಕ್ಕೂ ಇದು ಕೂಗುವುದಿಲ್ಲ. ಮರಳಿಸಲು ಅಲ್ಲಿ ಏನೂ ಇರುವುದಿಲ್ಲವಲ್ಲ. ಹೆಚ್ಚೆಲ್ಸಿ ಕಾಲುವೆಯ ದಂಡೆಯ ಮೇಲೆ ಗಾಡಿ ತಿರುಗಿಸುವವರಿಗೆ ಇದಕ್ಕಿಂತ ದೊಡ್ಡ ಮಾತು ನಾನು ಹೇಳಲಾರೆ.

ಮೊಣಕಾಲಿಗಿಂತ ತಗ್ಗಾದ ಕಲ್ಲಿನದು ಇನ್ನೂ ವಿಚಿತ್ರ. ದೂರದಿಂದ ಪೀಂ ಎಂದದ್ದು ಹತ್ತಿರ ಬಂದಂತೆ ನಿಂತೇ ಹೋಯಿತು. ಗೆಳೆಯರು ಒಳಗಿನಿಂದಲೇ, 'ಏನಪ್ಪಾ, ಕಲ್ಲು ಎದ್ದು ಹೋಯ್ತಾ?' ಎಂದರು. ಕಲ್ಲು ಹೋಗಿರಲಿಲ್ಲ, ಶಬ್ದದ ದಾರಿಯ ಕೆಳಕ್ಕೆ ಬಂದಿತ್ತು. ಕೂಗು ನಿಂತಿತೆಂದರೆ ದಾರಿ ಬಿಟ್ಟಿತು ಎಂದಲ್ಲ. ಕೂತು ಆಡುವ ಮಗುವಿನ ಎತ್ತರ ಎಷ್ಟಿರುತ್ತದೆಂದು ನಾನು ಅಲ್ಲಿಯೇ ಯೋಚಿಸಿದೆ.

ನಮ್ಮ ಹಳ್ಳಿಗಳಲ್ಲಿ ಗಾಡಿ ನಿಲ್ಲುವುದು ಮನೆಯಂಗಳದಲ್ಲೇ. ಅದೇ ಅಂಗಳದಲ್ಲಿ ಕಡ್ಲೆಕಾಯಿ ಒಣಗುತ್ತದೆ, ಅಜ್ಜಿ ಬಿಸಿಲು ಕಾಯಿಸುತ್ತಾಳೆ, ಮಕ್ಕಳು ಗಾಡಿಯ ನೆರಳಿನಲ್ಲೇ ಆಡುತ್ತವೆ. ಅಮೆರಿಕದಲ್ಲಿ 2002ರಲ್ಲಿ ಎರಡು ವರ್ಷದ ಹುಡುಗನೊಬ್ಬ ಸ್ವಂತ ಮನೆಯ ಮುಂದೆ, ಹಿಂದಕ್ಕೆ ಬರುತ್ತಿದ್ದ ತಂದೆಯ ಗಾಡಿಗೇ ಸಿಕ್ಕು ಸತ್ತ. ತಂದೆ ಮಕ್ಕಳ ಡಾಕ್ಟರು. ಆ ಹುಡುಗನ ಹೆಸರಿನಲ್ಲೇ 2008ರಲ್ಲಿ ಕಾನೂನಾಗಿ, 2018ರ ಮೇ ತಿಂಗಳಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು. ಸೆನ್ಸರ್ ಬಿಟ್ಟು ಕ್ಯಾಮೆರಾ ಏಕೆಂದರೆ, ಕಿವಿಗೆ ಸಿಗದ ತಗ್ಗಿನ ವಸ್ತು ಕಣ್ಣಿಗೆ ಸಿಗುತ್ತದೆ. ನಮ್ಮಲ್ಲಿಯೂ ಎರಡೂ ಇದ್ದರೆ ಉತ್ತಮ. ಒಂದನ್ನೇ ಹಾಕಿಸುವುದಾದರೆ, ಮಕ್ಕಳಿರುವ ಮನೆಗೆ ನನ್ನ ಓಟು ಕ್ಯಾಮೆರಾಕ್ಕೆ.

ಹಳೆಯ ಗಾಡಿಗೆ ಹಾಕಿಸುವವರಿಗೆ

ಹಳೆಯ ಕಾರಿಗೂ ಪಿಕಪ್ಪಿಗೂ ನಾಲ್ಕು ಸೆನ್ಸರಿನ ಕಿಟ್ ಹೊರಗೆ ಸಿಗುತ್ತದೆ. ಅದರ ಕರೆಂಟನ್ನು ರಿವರ್ಸ್ ಲೈಟಿನ ವೈರಿನಿಂದ ಕೊಡುತ್ತಾರೆ. ಹೀಗಾಗಿ ರಿವರ್ಸ್ ಗೇರ್ ಹಾಕಿದಾಗ ಮಾತ್ರ ಅದಕ್ಕೆ ಜೀವ. 'ಸೆನ್ಸರ್ ಹಾಳಾಗೈತಂತ ತರ್ತಾರೆ ಸಾರ್, ನೋಡಿದ್ರೆ ಲೈಟಿನ ವೈರ್ ಇಲಿ ಕಡ್ದಿರ್ತೈತೆ' ಎಂದರು ಮಡಕಶಿರಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಕಾರು, ಸಣ್ಣ ಪಿಕಪ್ಪುಗಳ ಕರೆಂಟು 12 ವೋಲ್ಟ್, ದೊಡ್ಡ ಲಾರಿಗಳದು 24. ಲಾರಿಗೆ ಬೇರೆ ಕಿಟ್ಟೇ ಬೇಕು, ಕಾರಿನದನ್ನು ನೇರ ಜೋಡಿಸಿದರೆ ಸುಟ್ಟೀತು.

ಬಂಪರಿಗೆ ತೂತು ಹಾಕುವಾಗ ನೆಲದಿಂದ 50ರಿಂದ 60 ಸೆಂಟಿಮೀಟರ್ ಎತ್ತರ ಸರಿ. ತೀರಾ ತಗ್ಗಿಸಿದರೆ ನೆಲಕ್ಕೇ ಕೂಗುತ್ತದೆ. ಹಲವು ಸೆನ್ಸರುಗಳ ಬೆನ್ನಿಗೆ ಬಾಣದ ಗುರುತಿರುತ್ತದೆ, ಅದು ಮೇಲ್ಮುಖವಾಗಿರಬೇಕು. ತಲೆಕೆಳಗಾಗಿ ಕೂರಿಸಿ ಕಿಟ್ಟನ್ನು ಬೈಯುವವರೂ ಇದ್ದಾರೆ. ಹಿಂದೆ ಟ್ರೈಲರ್ ಕೊಕ್ಕೆಯಿದ್ದರೆ ಅದನ್ನೇ ಗೋಡೆಯೆಂದು ತಿಳಿದು ಕೂಗುತ್ತಿರಬಹುದು. ಪಕ್ಕದ ಲಾರಿಯ ಏರ್ ಬ್ರೇಕು 'ಸ್‌ಸ್' ಎಂದರೂ ಸುಳ್ಳು ಕೂಗು ಬಂದೀತು, ಆ ಸದ್ದಿನಲ್ಲಿ ಕಿವಿಗೆ ಕೇಳದ ಶಬ್ದವೂ ಸೇರಿರುತ್ತದೆ.

ಮಳೆಗಾಲದ ಹೊಲದ ದಾರಿಯಲ್ಲಿ ಬಂಪರಿಗೆ ಅಂಟುವ ಕೆಸರು ಸೆನ್ಸರಿನ ಬಾಯಿ ಮುಚ್ಚುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಚಾಕುವಿನಲ್ಲಿ ಕೆರೆಯಬೇಡಿ. ಒರೆಸಲು ಗಾಡಿಯ ಹಿಂದಕ್ಕೆ ಹೇಗೂ ಹೋಗಿರುತ್ತೀರಿ, ಬಗ್ಗಿ ಅಡಿಯಲ್ಲಿ ಯಾರಿದ್ದಾರೆಂದು ನೋಡಿಯೇ ಹತ್ತಿ.