ಗಜನಿ ಕಟ್ಟೆಯ ಏಡಿ

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಿನ ನಂತರ ಸಿಗಡಿ, ಮೀನು. ಎರಡಕ್ಕೂ ಆಧಾರ ಮಣ್ಣಿನ ಕಟ್ಟೆ. ಏಡಿ ಬಿಲ ತೋಡುವುದೂ ಅಲ್ಲಿಯೇ.

ಅಳಿವೆಯ ಕೆಸರಿನಲ್ಲಿ ಹಿಂಡುಹಿಂಡಾಗಿ ಕಾಣುವ ಪುಟ್ಟ ಏಡಿಯಲ್ಲಿ ಗಂಡಿನ ಒಂದು ಕೈ ಮಾತ್ರ ಬಹಳ ದೊಡ್ಡದು. ಅದು ಹೆಣ್ಣನ್ನು ಕರೆಯಲು, ಜಗಳವಾಡಲು ಬೇಕು; ತಿನ್ನಲು ಉಪಯೋಗವಿಲ್ಲ. ಚಿಕ್ಕ ಕೈಯಿಂದ ಕೆಸರನ್ನೆತ್ತಿ, ಅದರಲ್ಲಿನ ಪಾಚಿ, ಕೊಳೆತ ಕಸವನ್ನು ತಿಂದು, ಉಳಿದ ಮಣ್ಣನ್ನು ಉಂಡೆ ಮಾಡಿ ಬಿಡುತ್ತದೆ. ಉಸಿರಾಟ ಕಿವಿರುಗಳಿಂದ, ಅವು ಒಣಗಬಾರದು. ಆದ್ದರಿಂದ ತೇವ ಸಿಗುವವರೆಗೂ ತೋಡುತ್ತದೆ. ಇಳಿತದಲ್ಲಿ ಹೊರಬಂದು ಮೇಯುತ್ತದೆ. ಉಬ್ಬರ ಬರುವಾಗ ಒಳಸೇರಿ ಬಿಲದ ಬಾಯಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಮರಿಗಳು ಕೆಲವು ವಾರ ನೀರಿನಲ್ಲಿ ತೇಲಿ ಬೆಳೆದು ಕೆಸರಿಗೆ ಮರಳುತ್ತವೆ.

ಕಾಂಡ್ಲಾ ಗಿಡಗಳ ನಡುವೆ ಈ ಬಿಲಗಳಿಂದ ಮಣ್ಣಿಗೆ ಗಾಳಿಯಾಡುತ್ತದೆ. ಅಲ್ಲಿ ಏಡಿಯನ್ನು ಅದರ ಪಾಡಿಗೆ ಬಿಡುವುದೇ ಲೇಸು. ಕಟ್ಟೆಯಲ್ಲಾದರೆ ಬಿಲವೇ ಉಪ್ಪುನೀರಿಗೆ ದಾರಿ. ಕಗ್ಗ ಉಪ್ಪು ತಾಳುತ್ತದೆ ನಿಜ, ಆದರೆ ಕಟ್ಟೆ ಒಡೆದರೆ ಬೆಳೆ ಉಳಿಯುವುದು ಕಷ್ಟ. ಹಾಗೆಂದು ಬಿಲಕ್ಕೆ ಕೀಟನಾಶಕ ಸುರಿಯಬೇಡಿ. ಸಿಗಡಿಯೂ ಏಡಿಯ ಬಳಗದ್ದೇ, ಅದಕ್ಕೂ ಅದೇ ವಿಷ ತಗಲುತ್ತದೆ. ಇಳಿತದ ವೇಳೆ ಬಿಲವನ್ನು ತಳದವರೆಗೆ ಅಗೆದು, ಹಸಿ ಜೇಡಿಮಣ್ಣು ತುಂಬಿ, ಪದರ ಪದರವಾಗಿ ಬಡಿದು ಗಟ್ಟಿಮಾಡಿರಿ.