ಎರಡು ಬಾಗಿಲಿನ ಡೇರೆ

ಕೊರಿಯಾ ಯುದ್ಧದ ವಿಚಾರ ಹೇಳಲು ಹೋದ ಕಡೆಯಲ್ಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಯುದ್ಧ ಮುಗಿದ ಮೇಲೆ ನಮ್ಮ ಜನರಲ್ ತಿಮ್ಮಯ್ಯನವರಿಗೆ ಅಲ್ಲೇನು ಕೆಲಸವಿತ್ತು?” ಕೇಳಬೇಕಾದ ಪ್ರಶ್ನೆಯೇ. ಈ ಅಧ್ಯಾಯವೆಲ್ಲ ಅದಕ್ಕೇ ಉತ್ತರ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಕದನವಿರಾಮವೆಂದರೆ ಗುಂಡು ಹಾರಿಸುವುದನ್ನು ನಿಲ್ಲಿಸಲು ಸೇನಾಧಿಕಾರಿಗಳು ಮಾಡಿಕೊಳ್ಳುವ ಕರಾರು. ಶಾಂತಿ ಒಪ್ಪಂದವೆಂದರೆ ಜಗಳದ ಮೂಲವನ್ನೇ ಇತ್ಯರ್ಥಮಾಡಿ ಸರ್ಕಾರಗಳು ಹಾಕುವ ಸಹಿ. 1950ರ ಜೂನ್ 25ರಂದು ಶುರುವಾದ ಕೊರಿಯಾ ಯುದ್ಧದಲ್ಲಿ ಮೊದಲನೆಯದು 1953ರ ಜುಲೈ 27ರಂದು ಪನ್‌ಮುನ್‌ಜೊಮ್‌ನಲ್ಲಿ ಆಯಿತು. ಎರಡನೆಯದು ಇಂದಿಗೂ ಆಗಿಲ್ಲ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಕದನವಿರಾಮಕ್ಕೂ ಸಹಿ ಹಾಕಲು ಒಪ್ಪಲಿಲ್ಲ.

ಮಾತುಕತೆ ಶುರುವಾದದ್ದು 1951ರ ಜುಲೈನಲ್ಲಿ. ಅಂದರೆ ಒಂದು ಕಡೆ ಮಾತಾಡುತ್ತಲೇ ಇನ್ನೊಂದು ಕಡೆ ಎರಡು ವರ್ಷ ಹೊಡೆದಾಡಿದರು. ಮಾತು ಗಂಟುಬಿದ್ದದ್ದು ಯುದ್ಧಕೈದಿಗಳ ವಿಚಾರದಲ್ಲಿ. ಹೋರಾಟ ನಿಂತ ಕೂಡಲೇ ಕೈದಿಗಳನ್ನು ಬಿಡುಗಡೆ ಮಾಡಿ ಅವರವರ ದೇಶಕ್ಕೆ ಕಳಿಸಬೇಕು ಎನ್ನುತ್ತದೆ 1949ರ ಜಿನೀವಾ ಒಡಂಬಡಿಕೆಯ 118ನೇ ವಿಧಿ. “ನಾನು ಹೋಗಲಾರೆ” ಎನ್ನುವ ಕೈದಿಗೆ ಆ ವಿಧಿಯಲ್ಲಿ ಜಾಗವಿಲ್ಲ. ಕೊರಿಯಾದಲ್ಲಿ ಅಂಥವರು ಸಾವಿರಾರು ಮಂದಿ. ಚೀನಾದ ಪಡೆಯಲ್ಲಿ ಹಿಂದೆ ಕಮ್ಯುನಿಸ್ಟರ ಎದುರಾಳಿ ಚಿಯಾಂಗ್ ಕೈ ಶೇಕ್‌ನ ಕೈಕೆಳಗೆ ದುಡಿದಿದ್ದ ಸೈನಿಕರು ಬಹಳ ಇದ್ದರು. ಉತ್ತರ ಕೊರಿಯಾದ ಪಡೆಯಲ್ಲಿ ದಕ್ಷಿಣದಿಂದ ಬಲವಂತವಾಗಿ ಎಳೆದೊಯ್ದ ಹುಡುಗರೂ ಇದ್ದರು. ಎಲ್ಲರನ್ನೂ ಒಪ್ಪಿಸಿ ಎಂದು ಚೀನಾ ಮತ್ತು ಉತ್ತರ ಕೊರಿಯಾ ಪಟ್ಟುಹಿಡಿದವು. ಒಲ್ಲೆ ಎಂದವರನ್ನು ದೂಡಿ ಕಳಿಸುವುದಿಲ್ಲ ಎಂದಿತು ಅಮೆರಿಕ. ಈ ಒಂದು ಮಾತಿಗಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹೆಣಗಳು ಬಿದ್ದವು. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಎರಡೂ ವಾದಗಳಲ್ಲಿ ಹುರುಳಿತ್ತು.

ದಾರಿ ತೋರಿಸಿದ್ದು ಭಾರತ. ವಿ. ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಮಂಡಿಸಿದ ನಿರ್ಣಯ 1952ರ ಡಿಸೆಂಬರ್‌ನಲ್ಲಿ ಅಂಗೀಕಾರವಾಯಿತು. ಅದರ ನೆರಳಿನಲ್ಲೇ ಮುಂದಿನ ಜೂನ್‌ನಲ್ಲಿ ಎರಡೂ ಪಕ್ಷಗಳು ಒಪ್ಪಿಕೊಂಡ ಏರ್ಪಾಡು ಹೀಗಿತ್ತು: ಹೋಗಲೊಪ್ಪದ ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗದ ವಶಕ್ಕೆ ಕೊಡುವುದು. 90 ದಿನಗಳ ಕಾಲ ಅವರ ದೇಶದ ಅಧಿಕಾರಿಗಳು ಬಂದು ತಿಳಿಹೇಳುವುದು. ಆಮೇಲೂ ಒಪ್ಪದೆ ಉಳಿದವರ ವಿಚಾರವನ್ನು 30 ದಿನಗಳಲ್ಲಿ ರಾಜಕೀಯ ಸಮ್ಮೇಳನವೊಂದು ತೀರ್ಮಾನಿಸುವುದು. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ. ಅಧ್ಯಕ್ಷರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕಾವಲಿಗೆ ಸೈನಿಕರನ್ನು ಕಳಿಸಿದ್ದು ಭಾರತ ಒಂದೇ. ಆ ಪಡೆಯ ನಾಯಕ ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್.

ನಮ್ಮವರಿಗೆ ಅಲ್ಲಿ ಸಿಕ್ಕ ಸ್ವಾಗತ ನೋಡಿ. ಭಾರತದ ಒಬ್ಬ ಸೈನಿಕನೂ ನಮ್ಮ ನೆಲ ತುಳಿಯಕೂಡದು ಎಂದರು ರೀ. ಅವರ ಕಣ್ಣಿಗೆ ಭಾರತ ಕಮ್ಯುನಿಸ್ಟರ ಕಡೆಯದು. ಹಾಗಾಗಿ ಇಂಚೋನ್ ಬಂದರಿನ ಬಳಿ ಹಡಗಿನಲ್ಲಿದ್ದ ಸೈನಿಕರನ್ನು ಅಮೆರಿಕದ ಹೆಲಿಕಾಪ್ಟರ್‌ಗಳು ಎತ್ತಿಕೊಂಡು, ಎರಡು ಸೈನ್ಯಗಳ ನಡುವೆ ಬಿಟ್ಟಿದ್ದ 4 ಕಿ.ಮೀ. ಅಗಲದ ಸೇನಾರಹಿತ ಪಟ್ಟಿಯಲ್ಲಿ ಇಳಿಸಿದವು. ಅಲ್ಲಿ ಎದ್ದ ಪಾಳೆಯಕ್ಕೆ ಹಿಂದ್ ನಗರ ಎಂದು ಹೆಸರಾಯಿತು.

ಓದುಗರು ಎಡವುವುದು ಇಲ್ಲಿ. ‘ತಟಸ್ಥ’ ಎಂಬ ಪದವೇ ಎಡವಿಸುತ್ತದೆ. ತಟವೆಂದರೆ ದಡ, ತಟಸ್ಥನೆಂದರೆ ದಡದಲ್ಲಿ ನಿಂತವನು. ನೀರಿಗಿಳಿಯದೆ, ಬಟ್ಟೆ ಒದ್ದೆಯಾಗದೆ ನೋಡುತ್ತ ನಿಲ್ಲುವುದೇ ತಟಸ್ಥನ ಕೆಲಸವೆಂದು ನಾವು ಅಂದುಕೊಳ್ಳುತ್ತೇವೆ. ತಿಮ್ಮಯ್ಯನವರು ಕೊರಿಯಾದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಅದು ಹೇಗೆಂದು ತಿಳಿಯಲು ಒಂದು ಡೇರೆಯೊಳಗೆ ಹೋಗಬೇಕು.

ಡೇರೆಯಲ್ಲಿ ಐದೂ ದೇಶಗಳ ಪ್ರತಿನಿಧಿಗಳು ಕೂತಿದ್ದಾರೆ. ಎದುರಿಗೆ ಕೈದಿಯ ದೇಶದ ಅಧಿಕಾರಿ. ಭಾರತದ ಸೈನಿಕರು ಕೈದಿಯನ್ನು ಕರೆತರುತ್ತಾರೆ. “ಮನೆಗೆ ಬಾ, ನಿನಗೆ ಶಿಕ್ಷೆಯಿಲ್ಲ” ಎಂದು ಅಧಿಕಾರಿ ಹೇಳುತ್ತಾನೆ. ಹೊರಹೋಗಲು ಎರಡು ಬಾಗಿಲು. ಒಂದು ತಾಯ್ನಾಡಿಗೆ, ಇನ್ನೊಂದು ಮತ್ತೆ ಪಾಳೆಯಕ್ಕೆ. ಯಾವ ಬಾಗಿಲಿನಿಂದ ಹೋಗುತ್ತಾನೋ ಅದೇ ಅವನ ಉತ್ತರ. ಕಾಗದದ ಮೇಲೆ ಇದಕ್ಕಿಂತ ಸರಳವಾದ ಏರ್ಪಾಡಿಲ್ಲ. ನಡೆದದ್ದೇ ಬೇರೆ. ಎಷ್ಟೋ ಕೈದಿಗಳು ಕಿರುಚುತ್ತಲೇ ಒಳಬಂದರು, ಕಿವಿ ಮುಚ್ಚಿಕೊಂಡರು, ಉಗುಳಿದರು, ಅಧಿಕಾರಿಯ ಮೇಲೆ ಏರಿಹೋದರು. ಅವರನ್ನು ಹಿಡಿದು ನಿಲ್ಲಿಸುವ ಕೆಲಸವೂ ನಮ್ಮ ಸೈನಿಕರದೇ.

ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು: ಆ ಕಿರುಚಾಟ ಆ ಮನುಷ್ಯನದೇ ಆಗಿತ್ತೆ? ಮುಳ್ಳುತಂತಿಯ ಒಳಗೆ ಪ್ರತಿ ಆವರಣಕ್ಕೂ ಕೈದಿಗಳದೇ ನಾಯಕರಿದ್ದರು, ಅವರದೇ ಶಿಕ್ಷೆಗಳಿದ್ದವು. ಊರಿಗೆ ಹೋಗುತ್ತೇನೆ ಎಂದವನು ಬೆಳಗಾಗುವುದರೊಳಗೆ ಹೆಣವಾದ ಪ್ರಸಂಗಗಳಿವೆ. ಚೀನೀ ಕೈದಿಗಳ ತೋಳಿನ ಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆಯಿತ್ತು. ಕೆಲವರು ಇಷ್ಟಪಟ್ಟು ಹಾಕಿಸಿಕೊಂಡದ್ದು, ಕೆಲವರಿಗೆ ಹಿಡಿದು ಹಾಕಿದ್ದು. ಆ ತೋಳು ಹೊತ್ತು ಚೀನಾಕ್ಕೆ ಮರಳುವುದು ಹೇಗೆ? ಮನೆಯ ಕಡೆ ಮನಸ್ಸಿದ್ದವನು ಸಂದು ನೋಡಿ ಬೇಲಿಯ ಕಡೆ ಓಡಿ ಭಾರತದ ಕಾವಲುಗಾರನ ಮರೆಹೊಗಬೇಕಿತ್ತು. ಡೇರೆಯ ಬಾಗಿಲಿಗಿಂತ ಆ ಬೇಲಿಯ ಮೂಲಕ ಊರು ಸೇರಿದವರೇ ಹೆಚ್ಚು.

ಇನ್ನು ಆಯೋಗದೊಳಗಿನ ಜಗ್ಗಾಟ. ಕೈದಿಗಳು ಡೇರೆಗೆ ಬರಲೊಲ್ಲೆವೆಂದು ಕೂತಾಗ ಬಲಪ್ರಯೋಗಿಸಿ ಕರೆತನ್ನಿ ಎಂದರು ಪೋಲೆಂಡ್ ಮತ್ತು ಜೆಕ್ ಸದಸ್ಯರು. ಬಲಪ್ರಯೋಗಕ್ಕೆ ನಾವಿಲ್ಲ ಎಂದರು ಸ್ವೀಡನ್, ಸ್ವಿಸ್ ಸದಸ್ಯರು. ಎರಡಕ್ಕೆ ಎರಡು, ನಿರ್ಣಾಯಕ ಮತ ತಿಮ್ಮಯ್ಯನವರದು. ಮಾತು ಕೇಳಿಸುವುದಕ್ಕಾಗಿ ಜನರ ಮೇಲೆ ಗುಂಡು ಹಾರಿಸಲಾಗದು ಎಂದು ಅವರು ನಿಂತರು. ಹಾಗೆಂದು ಹಿಂದ್ ನಗರದಲ್ಲಿ ಗುಂಡು ಹಾರಲೇ ಇಲ್ಲವೆಂದಲ್ಲ. ಅಕ್ಟೋಬರ್ ಮೊದಲ ದಿನಗಳಲ್ಲಿ ಆವರಣ ಒಡೆಯಲು ನುಗ್ಗಿದವರ ಮೇಲೆ ಕಾವಲುಗಾರರು ಗುಂಡು ಹಾರಿಸಿ ಕೈದಿಗಳು ಸತ್ತರು. ಅದಕ್ಕೆ ಕೆಲವೇ ದಿನ ಮೊದಲು ಕೈದಿಗಳು ಭಾರತದ ಮೇಜರ್ ಒಬ್ಬರನ್ನು ಒಳಗೆಳೆದುಕೊಂಡಾಗ, ಥೋರಾಟ್ ಆಯುಧವಿಲ್ಲದೆ ಅವರ ನಡುವೆ ಹೋಗಿ ಮಾತಾಡಿ ಬಿಡಿಸಿಕೊಂಡು ಬಂದಿದ್ದರು. ಎರಡೂ ಅದೇ ಪಡೆ, ಅದೇ ಬೇಲಿ.

90 ದಿನಗಳಲ್ಲಿ ತಿಳಿಹೇಳುವ ಕೆಲಸ ನಡೆದದ್ದು ಸುಮಾರು 10 ದಿನ ಮಾತ್ರ. ಡಿಸೆಂಬರ್ 23ಕ್ಕೆ ಗಡುವು ಮುಗಿಯಿತು. ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಕೈದಿಗಳನ್ನು ಬಿಟ್ಟುಬಿಡಿ ಎಂದಿತು ಒಂದು ಪಕ್ಷ, ಇನ್ನೂ ಇಟ್ಟುಕೊಳ್ಳಿ ಎಂದಿತು ಇನ್ನೊಂದು. ಬಿಡುವ ಅಧಿಕಾರ ತಮಗಿಲ್ಲ, ಗಡುವು ಮೀರಿ ಇಟ್ಟುಕೊಳ್ಳುವ ಅಧಿಕಾರವೂ ಇಲ್ಲ ಎಂದ ತಿಮ್ಮಯ್ಯ, 1954ರ ಜನವರಿ 20ರಿಂದ ಕೈದಿಗಳನ್ನು ಯಾರಿಂದ ಪಡೆದಿದ್ದರೋ ಅವರಿಗೇ ಮರಳಿಸಿದರು. ಎರಡೂ ಕಡೆಯಿಂದ ಬೈಗುಳ ಬಂತು. ನನ್ನ ಮಟ್ಟಿಗೆ ಇಡೀ ಪ್ರಸಂಗದ ಅತ್ಯಂತ ದಿಟ್ಟ ನಿರ್ಧಾರ ಇದೇ. ಪರದೇಶದ ಜಗಳದ ನಡುವೆ ನಿಂತವನು ತನ್ನ ಕೈಗೆ ಕೊಟ್ಟ ಅಧಿಕಾರದ ಅಂಚು ಎಲ್ಲಿದೆಯೆಂದು ಅರಿತು, ಅಲ್ಲಿಗೇ ನಿಲ್ಲುವುದು ಸುಲಭವಲ್ಲ.

ಅಮೆರಿಕದ ಮುಂದಾಳತ್ವದ ವಿಶ್ವಸಂಸ್ಥೆಯ ಪಡೆಗಳಿಂದ ಪಡೆದ 22,600ರಷ್ಟು ಕೈದಿಗಳಲ್ಲಿ ತಾಯ್ನಾಡಿಗೆ ಮರಳಿದವರು 600ಕ್ಕೆ ತುಸು ಹೆಚ್ಚು. ಚೀನೀಯರಲ್ಲಿ ಬಹುಪಾಲು ಮಂದಿ ತೈವಾನ್ ಸೇರಿದರು. ಇನ್ನೊಂದು ಕಡೆಯಿಂದ ಬಂದ 359 ಮಂದಿಯಲ್ಲಿ ಅಮೆರಿಕಕ್ಕೆ ಹೋಗಲೊಲ್ಲೆ ಎಂದು ಕೊನೆಯವರೆಗೂ ನಿಂತ 21 ಅಮೆರಿಕನ್ನರಿದ್ದರು. ಕೈದಿಗಳು ಮನಬಿಚ್ಚಿ ಆಯ್ಕೆ ಮಾಡುವ ಸ್ಥಿತಿ ಆವರಣಗಳಲ್ಲಿ ಇರಲಿಲ್ಲವೆಂದು ಆಯೋಗದ ಬಹುಮತದ ವರದಿ ಹೇಳಿತು. ಸ್ವೀಡನ್, ಸ್ವಿಟ್ಜರ್ಲೆಂಡ್ ಅದಕ್ಕೆ ಸಹಿ ಹಾಕದೆ ತಮ್ಮದೇ ವರದಿ ಬರೆದವು.

ಈ ಲೆಕ್ಕದ ಕೊನೆಯಲ್ಲಿ 88 ಜನ ಉಳಿಯುತ್ತಾರೆ. ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾವೂ ತೈವಾನೂ ಬೇಡ ಎಂದವರು. ನಮ್ಮ ಪಡೆಯೊಂದಿಗೆ ಹಡಗು ಹತ್ತಿ ಭಾರತಕ್ಕೆ ಬಂದರು. ಮುಂದೆ ಹಲವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ಕೊರಿಯಾದ ಲೇಖಕ ಚೊಯ್ ಇನ್‌ಹುನ್ 1960ರಲ್ಲಿ ಬರೆದ ‘ಚೌಕ’ ಕಾದಂಬರಿಯ ನಾಯಕ ಇಂಥದೇ ಹಡಗಿನಲ್ಲಿ ಕೂತವನು. ಕೊರಿಯನ್ನರು ಇಂದಿಗೂ ಅದನ್ನು ಓದುತ್ತಾರೆ.

ಇಷ್ಟು ಓದಿದವರಲ್ಲಿ ನನ್ನದೊಂದು ಕೋರಿಕೆ. ತಿಮ್ಮಯ್ಯನವರು ಕೊರಿಯಾದ ಅನುಭವವನ್ನು ತಾವೇ ಬರೆದಿಟ್ಟಿದ್ದಾರೆ, ಆ ಪುಸ್ತಕ ಅವರು ತೀರಿಕೊಂಡ ಮೇಲೆ ಅಚ್ಚಾಯಿತು. ಅದನ್ನು ಹುಡುಕಿ ಓದಿ. ಮಡಿಕೇರಿಗೆ ಹೋದಾಗ ಈಗ ವಸ್ತುಸಂಗ್ರಹಾಲಯವಾಗಿರುವ ಅವರ ಮನೆ ‘ಸನ್ನಿ ಸೈಡ್’ ನೋಡಿ ಬನ್ನಿ. 1965ರ ಡಿಸೆಂಬರ್‌ನಲ್ಲಿ ಅವರು ಪ್ರಾಣಬಿಟ್ಟದ್ದು ಸೈಪ್ರಸ್‌ನಲ್ಲಿ, ಇನ್ನಿಬ್ಬರ ಜಗಳದ ನಡುವೆ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದಾಗ. ಆ ಕಥೆಯನ್ನೂ ಯಾರಾದರೂ ಕೈಗೆತ್ತಿಕೊಳ್ಳಬೇಕು. ನಿಮ್ಮ ಮನೆಯ ಹಿರಿಯರು ಯಾರಾದರೂ 1953ರಲ್ಲಿ ಸೈನ್ಯದಲ್ಲಿದ್ದರೆ ಅಟ್ಟದ ಮೇಲಿನ ಟ್ರಂಕು ಒಮ್ಮೆ ತೆರೆಯಿರಿ. ಹಿಂದ್ ನಗರದಿಂದ ಬರೆದ ಕಾಗದವೋ, ಕೊರಿಯಾದ ಚಳಿಯಲ್ಲಿ ಉದ್ದ ಕೋಟು ತೊಟ್ಟು ಬೇಲಿಯ ಪಕ್ಕ ನಿಂತ ಫೋಟೊವೋ ಸಿಕ್ಕರೆ, ಅದರ ಹಿಂದೆ ಹೆಸರು, ತಾರೀಖು ಬರೆದಿಡಿ.