ತಾಯಿಯ ತಪ್ಪೊಪ್ಪಿಗೆಯೂ ಮಗಳ ಧರ್ಮಕಾರ್ಯವೂ

ದೇಹಕ್ಕೆ ಜ್ವರ ಬಂದರೆ ಮನೆಮಂದಿಯೆಲ್ಲ ಎಚ್ಚರಗೊಳ್ಳುವರು. ಒಲೆಯ ಮೇಲೆ ಕಷಾಯವು ಕುದಿಯುವುದು, ವೈದ್ಯರಿಗೆ ಹೇಳಿಕಳುಹಿಸುವರು, ನೆರೆಹೊರೆಯವರು ಬಂದು ಕ್ಷೇಮವನ್ನು ವಿಚಾರಿಸುವರು. ಆದರೆ ಅದೇ ಮನೆಯ ಮಗುವೊಂದು ಊಟವನ್ನೂ ಮಾತನ್ನೂ ತೊರೆದು ಮೂಲೆಯಲ್ಲಿ ಕುಳಿತರೆ ನಾವು ಹೇಳುವುದೇನು? "ವಯಸ್ಸಿನ ಸ್ವಭಾವ, ತಾನಾಗಿಯೇ ಸರಿಹೋದೀತು" ಎನ್ನುವೆವು. ಹಾಗೆಯೇ ಎಂದುಕೊಂಡ ತಾಯಿಯೊಬ್ಬರು ತಮ್ಮ ತಪ್ಪನ್ನು ಲೋಕದ ಮುಂದೆ ಒಪ್ಪಿಕೊಂಡು, ಮಗಳೊಡನೆ ಕೂಡಿ ಧರ್ಮಸಂಸ್ಥೆಯೊಂದನ್ನು ನಡೆಸುತ್ತಿರುವ ವೃತ್ತಾಂತವನ್ನು ವಾಚಕರಿಗೆ ನಿವೇದಿಸಬೇಕೆಂದಿರುವೆವು.

ಅಮೆರಿಕಾ ದೇಶದ ಗಾಯಕಿ ಲೇಡಿ ಗಾಗಾ ಎಂಬಾಕೆಯ ಹೆಸರನ್ನು ಮನೆಯ ಕಿರಿಯರೆಲ್ಲ ಬಲ್ಲರು. ಹಿರಿಯರಿಗೆ ಆಕೆಯ ವಿಚಿತ್ರವೇಷದ ಚಿತ್ರಗಳಷ್ಟೇ ಪರಿಚಿತವಾಗಿರಬಹುದು. ಆಕೆಯ ನಿಜನಾಮವು ಸ್ಟೆಫನಿ ಜರ್ಮನಾಟಾ. 1986ನೆಯ ಇಸವಿಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿ, ನಾಲ್ಕನೆಯ ವಯಸ್ಸಿಗೇ ಪಿಯಾನೋ ವಾದನವನ್ನು ಕಲಿಯತೊಡಗಿದಳು. ಶಾಲೆಯ ದಿನಗಳಲ್ಲಿ ಜೊತೆಯವರ ಅಪಹಾಸ್ಯಕ್ಕೆ ಪಾತ್ರಳಾದಳು. ಒಮ್ಮೆ ಕೆಲವು ಹುಡುಗರು ತನ್ನನ್ನೆತ್ತಿ ಬೀದಿಯ ಕಸದ ತೊಟ್ಟಿಯೊಳಕ್ಕೆ ಹಾಕಿದರೆಂದು ಆಕೆಯೇ ಹೇಳಿಕೊಂಡಿರುವಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅತ್ಯಾಚಾರಕ್ಕೆ ಗುರಿಯಾದಳು. ಆ ಆಘಾತವು ಮನಸ್ಸಿನಲ್ಲಿ ನೆಲೆಸಿ ವ್ಯಾಧಿಯಾಗಿ ಪರಿಣಮಿಸಿತೆಂಬುದನ್ನು 2016ರ ಡಿಸೆಂಬರಿನಲ್ಲಿ ಬಹಿರಂಗಪಡಿಸಿದಳು. ಕೀರ್ತಿಯಾಗಲಿ ಐಶ್ವರ್ಯವಾಗಲಿ ಆ ನೋವನ್ನು ತೊಡೆಯಲಾರದೆ ಹೋದುವು.

ಆಕೆಯ ತಾಯಿ ಸಿಂಥಿಯಾ ಅವರು ಮಗಳನ್ನು ಪ್ರೀತಿಸದವರಲ್ಲ. ಆದರೂ ಮಗಳ ವೇದನೆಯ ಲಕ್ಷಣಗಳನ್ನು ತಾವು ಗುರುತಿಸಲಿಲ್ಲವೆಂದೂ, ಕಷ್ಟವನ್ನು ಹಲ್ಲುಕಚ್ಚಿ ಸಹಿಸಿ ಮುಂದೆ ನಡೆಯಬೇಕೆಂಬ ತಮ್ಮ ಕಾಲದ ನೀತಿಯನ್ನೇ ನೆಚ್ಚಿ ತಪ್ಪು ಮಾಡಿದೆವೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿರುವರು. ತಾಯ್ತಂದೆಗಳಿಗೆ ಇದಕ್ಕಿಂತ ಕಠಿನವಾದ ಮಾತು ಮತ್ತೊಂದುಂಟೆ?

ತಾಯಿಮಕ್ಕಳಿಬ್ಬರೂ ಸೇರಿ ಸ್ಥಾಪಿಸಿದ 'ಬಾರ್ನ್ ದಿಸ್ ವೇ ಫೌಂಡೇಷನ್' ಎಂಬ ಸಂಸ್ಥೆಗೆ 2012ನೆಯ ಇಸವಿ ಫೆಬ್ರವರಿ 29ರಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾರಂಭೋತ್ಸವವು ನಡೆಯಿತು. 2011ರಲ್ಲಿ ಪ್ರಕಟವಾದ ಗಾಯಕಿಯ ಗೀತೆಯೊಂದರ ಹೆಸರೇ ಸಂಸ್ಥೆಗೂ ಬಂದಿತು. ತರುಣ ತರುಣಿಯರ ಮನಃಸ್ವಾಸ್ಥ್ಯವನ್ನು ಕಾಪಾಡುವುದೂ, ದಯೆಯನ್ನು ನಿತ್ಯವ್ಯವಹಾರದಲ್ಲಿ ನೆಲೆಗೊಳಿಸುವುದೂ ಇದರ ಉದ್ದೇಶ. ತಾಯಿಯವರೇ ಅಧ್ಯಕ್ಷರು, ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಅವರನ್ನು ಮಾನಸಿಕ ಆರೋಗ್ಯದ ವಿಷಯದಲ್ಲಿ ತನ್ನ ಸದ್ಭಾವನಾ ರಾಯಭಾರಿಯನ್ನಾಗಿ ನೇಮಿಸಿತು.

ಈ ಸಂಸ್ಥೆಯ ಕಾರ್ಯಗಳಲ್ಲಿ ನಮಗೆ ಮುಖ್ಯವಾಗಿ ತೋರಿದುದು ಒಂದು. ಗಾಯಕ್ಕೆ ಪ್ರಥಮಚಿಕಿತ್ಸೆಯಿರುವಂತೆ ಮನಸ್ಸಿನ ನೋವಿಗೂ ಪ್ರಥಮಚಿಕಿತ್ಸೆಯುಂಟೆಂಬ ಬೋಧನಕ್ರಮವು 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿತು. ಅದರ ವಿದ್ಯಾರ್ಥಿಕ್ರಮವನ್ನು ಈ ಸಂಸ್ಥೆಯು ಮತ್ತೊಂದು ಸಂಸ್ಥೆಯೊಡಗೂಡಿ ಅಮೆರಿಕಾಕ್ಕೆ ತಂದು, 2019ರಲ್ಲಿ ಮೊದಲು ಎಂಟು ಪ್ರೌಢಶಾಲೆಗಳಲ್ಲಿ ಪರೀಕ್ಷಿಸಿತು. ಗೆಳೆಯನಲ್ಲಿ ಬದಲಾವಣೆಯನ್ನು ಕಂಡರೆ ಕಾಣದಂತಿರಬಾರದು, ಬಳಿಸಾರಿ ಕೇಳಬೇಕು, ನಡುವೆ ಬಾಯಿಹಾಕದೆ ಆಲಿಸಬೇಕು, ನಂಬಿಕೆಗೆ ಅರ್ಹರಾದ ಹಿರಿಯರ ಬಳಿಗೆ ಕರೆದೊಯ್ಯಬೇಕು. ಚಿಕಿತ್ಸೆಯು ವೈದ್ಯರದು, ಆಲಿಸುವುದು ಎಲ್ಲರದು. ಮಾನಸಿಕ ವ್ಯಾಧಿಗಳಲ್ಲಿ ಅರ್ಧದಷ್ಟು ಹದಿನಾಲ್ಕನೆಯ ವಯಸ್ಸಿಗೆ ಮೊದಲೇ ತಲೆದೋರುವುವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದರಿಂದ, ಶಾಲೆಯೇ ಇದಕ್ಕೆ ತಕ್ಕ ಸ್ಥಳವೆಂಬುದರಲ್ಲಿ ಸಂದೇಹವಿಲ್ಲ.

ಇದನ್ನು ಬರೆಯುವಾಗ ನಮ್ಮ ಲೇಖನಿಯು ತುಸು ನಿಲ್ಲುವುದು. ನಾವು ಉಪಾಧ್ಯಾಯರಾಗಿದ್ದಾಗ, ಶಬ್ದರೂಪಗಳನ್ನು ತಡೆಯಿಲ್ಲದೆ ಒಪ್ಪಿಸುತ್ತಿದ್ದ ಬಾಲಕನೊಬ್ಬನು ಒಂದು ವರ್ಷ ಇದ್ದಕ್ಕಿದ್ದಂತೆ ಮೌನಿಯಾದನು. ನಾವು ಅದನ್ನು ಸೋಮಾರಿತನವೆಂದು ಬಗೆದು ಬೆಂಚಿನ ಮೇಲೆ ನಿಲ್ಲಿಸಿದೆವು. ಕಾರಣವನ್ನು ನಾವು ಕೇಳಲಿಲ್ಲ; ಅವನೂ ಹೇಳಲಿಲ್ಲ. ವರ್ಷದ ನಡುವೆಯೇ ಶಾಲೆಯನ್ನು ಬಿಟ್ಟುಹೋದನು. ಗೀತೆಯನ್ನು ಪಾಠ ಹೇಳುತ್ತಿದ್ದ ನಾವು ಅದರಲ್ಲಿದ್ದುದನ್ನೇ ಕಾಣದೆ ಹೋದೆವು. ಖಿನ್ನನಾದ ಅರ್ಜುನನನ್ನು ಶ್ರೀಕೃಷ್ಣನು ಮೊದಲು ಗದರಿಸಿ ಎಬ್ಬಿಸಲು ನೋಡಿದನು; ಅದರಿಂದ ವಿಷಾದವು ಹೋಗಲಿಲ್ಲ. ಅವನ ಸಂದೇಹಗಳನ್ನೆಲ್ಲ ಆಲಿಸಿ ಉತ್ತರಿಸುತ್ತ ಹೋದ ಮೇಲೆಯೇ ಹೋಯಿತು. ಭಗವಂತನ ಗದರಿಕೆಗೇ ಅಳಿಯದ ವಿಷಾದವು ನಮ್ಮ ಬೆತ್ತಕ್ಕೆ ಅಳಿದೀತೆ?

ಆ ಗಾಯಕಿಗೆ ಐಶ್ವರ್ಯವಿದ್ದಿತು, ಸಂಸ್ಥೆಯನ್ನು ಕಟ್ಟಿದಳು. ನಮ್ಮಂಥವರು ಮಾಡುವುದೇನೆಂದು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿಯೂ 2022ರ ಅಕ್ಟೋಬರ್ 10ರಂದು ಸರ್ಕಾರವು 'ಟೆಲಿ ಮಾನಸ್' ಎಂಬ ದೂರವಾಣಿಸೇವೆಯನ್ನು ಆರಂಭಿಸಿರುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಕೇಂದ್ರಸ್ಥಾನದಲ್ಲಿರುವುದು. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯು ವೈದ್ಯರ ಸಂಖ್ಯೆಯೊಡನೆ ಪ್ರತಿಯೊಂದು ಮನೆಯಲ್ಲಿಯೂ ಇರಲಿ. ಅದಕ್ಕೂ ಮೊದಲು, ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳ ಅಂಕಗಳನ್ನು ಕೇಳುವ ಬದಲು "ಹೇಗಿದ್ದೀಯೆ, ಮಗು?" ಎಂದು ಕೇಳೋಣ, ಕೇಳಿದ ಮೇಲೆ ಉತ್ತರಕ್ಕಾಗಿ ಸ್ವಲ್ಪ ಕಾಯೋಣ.